ಟೆರೇಸಿನ ನೀರು, ಕ್ಲಬ್ಬಿನ ಹುಲ್ಲು

ನನ್ನ ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಮುಂಬೈನ ಬೊರಿವಲಿಯ ಶಾಲೆಯೊಂದರಲ್ಲಿ ಆಟದ ಟೀಚರ್ ಆಗಿದ್ದು ನಿವೃತ್ತಳಾದ ಮೇಲೂ ಅದು ಇಳಿದಿಲ್ಲ. ಆದರೆ ಮಕ್ಕಳ ಮುಂದೆ ಅವಳಷ್ಟು ತಾಳ್ಮೆ ಇರುವವರನ್ನು ನಾನು ಕಂಡಿಲ್ಲ. ಗ್ರಾಂಟ್ ರೋಡಿನ ನನ್ನ ಹೋಟೆಲಿಗೆ ರಜೆ ಇದ್ದ ದಿನ ನಾನೂ ನಮ್ಮ ಬಿಲ್ಡಿಂಗಿನ ಟೆರೇಸ್ ಹತ್ತಿ, ಟ್ಯಾಂಕಿನ ನೆರಳಲ್ಲಿ ಕೂತು ಅವಳ ಗಾಲ್ಫ್ ಕ್ಲಾಸ್ ನೋಡುತ್ತಿದ್ದೆ.

ಕ್ಲಾಸ್ ಎಂದರೆ ಬಿಲ್ಡಿಂಗಿನ ಐದಾರು ಮಕ್ಕಳು, ಹಳೆಯ ಕೋಲುಗಳು, ನನ್ನ ಹೋಟೆಲಿನಿಂದ ತಂದು ಅಡ್ಡ ಮಲಗಿಸಿದ ಒಂದು ಸ್ಟೀಲ್ ಲೋಟ. ಚೆಂಡನ್ನು ದೂರ ಹೊಡೆಯಲು ಮೈದಾನ ಬೇಕು. ಗುಂಡಿಯ ಹತ್ತಿರ ಬಂದ ಚೆಂಡನ್ನು ಮೆಲ್ಲಗೆ ಉರುಳಿಸಿ ಒಳಗೆ ಕಳಿಸುವ ಪಟಿಂಗ್‌ಗೆ ಟೆರೇಸ್ ಸಾಕು ಎಂಬುದು ಅಕ್ಕನ ವಾದ. ಮಳೆನೀರು ಪೈಪಿಗೆ ಹೋಗಲಿ ಎಂದು ಅಲ್ಲಿ ನೆಲಕ್ಕೆ ಇಳಿಜಾರು ಕೊಟ್ಟಿದ್ದರು. ನೇರ ಹೊಡೆದ ಚೆಂಡು ಲೋಟ ಬಿಟ್ಟು ಪೈಪಿನ ಕಡೆಗೇ ವಾಲುತ್ತಿತ್ತು. ಅದಕ್ಕೆ ಅಕ್ಕ ಒಂದು ಉಪಾಯ ಹೇಳಿಕೊಟ್ಟಿದ್ದಳು: ಮೊದಲು ಸ್ವಲ್ಪ ನೀರು ಚೆಲ್ಲು, ಯಾವ ಕಡೆ ಹರಿಯುತ್ತದೆ ನೋಡು, ಆಮೇಲೆ ಗುರಿ ಹಿಡಿ. ಅಲ್ಲೇ ಹಪ್ಪಳ ಒಣಗಿಸುತ್ತಿದ್ದುದರಿಂದ ಚಪ್ಪಲಿಯನ್ನು ಮೆಟ್ಟಿಲ ಬಳಿ ಬಿಡಬೇಕಿತ್ತು. ಮಕ್ಕಳೆಲ್ಲ ಬರಿಗಾಲಲ್ಲೇ ಆಡುತ್ತಿದ್ದರು.

ನನ್ನ ಮಗಳಿಗಂತೂ ಇದೇ ಹುಚ್ಚು. ಕ್ಲಬ್ಬೊಂದರಲ್ಲಿ ಮಕ್ಕಳ ತರಬೇತಿಗೆ ಆಯ್ಕೆ ಇದೆ ಎಂದು ಗೊತ್ತಾದ ಮೇಲೆ ಅವಳಿಗೆ ಊಟ ಸೇರಲಿಲ್ಲ. ಆಯ್ಕೆಯಾದರೆ ನಿಜವಾದ ಹುಲ್ಲಿನ ಮೇಲೆ ಆಡಬಹುದು, ಇಲ್ಲದಿದ್ದರೆ ಟೆರೇಸೇ ಗತಿ.

ಆಯ್ಕೆಯ ದಿನ, ಅಕ್ಕನೂ ನಾನೂ ಅಂಚಿನಲ್ಲಿ ನಿಂತು ನೋಡುತ್ತಿದ್ದಂತೆ, ಅವಳು ಹೊಸ ಬೂಟು ಹಾಕಿ, ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ನಿಂತು, ಅಭ್ಯಾಸದಂತೆ ಬಾಟಲಿಯಿಂದ ನೀರು ಚೆಲ್ಲಿದಳು. ನೀರು ಎಲ್ಲಿಗೂ ಹರಿಯಲಿಲ್ಲ. ನೆಲ ಕುಡಿದುಬಿಟ್ಟಿತು. ಇದೇನು ಮಾಡುತ್ತಿದ್ದಾಳೆಂದು ತರಬೇತುದಾರರು ಹುಬ್ಬು ಗಂಟಿಕ್ಕಿ, "ಬೇಟಾ, ಯೇ ಕ್ಯಾ ಕರ್ ರಹೀ ಹೋ?" ಎಂದರು. ಗಾಬರಿಯಲ್ಲಿ ಅವಳು ಟೆರೇಸಿನ ಲೆಕ್ಕದಲ್ಲೇ ಹೊಡೆದಳು. ಚೆಂಡು ಗುಂಡಿಯ ಹತ್ತಿರವೂ ಸುಳಿಯಲಿಲ್ಲ. ಇನ್ನು ಒಂದೇ ಅವಕಾಶ ಉಳಿದಿತ್ತು.

"ಎಂತ ಮಾರಾಯ, ನಾನು ಹೇಳಿಕೊಟ್ಟದ್ದೇ ಅವಳಿಗೆ ಮುಳುವಾಯ್ತಲ್ಲ," ಎಂದು ಅಕ್ಕ ನನ್ನ ತೋಳು ಹಿಡಿದಳು. ಅವಳ ಮುಖ ನೋಡಿ ನನಗೆ ಮಗಳಿಗಿಂತ ಅವಳ ಬಗ್ಗೆಯೇ ಸಂಕಟವಾಯಿತು.

ಮಗಳು ನಮ್ಮ ಕಡೆ ನೋಡಲಿಲ್ಲ. ಕೂತು ಬೂಟು, ಸಾಕ್ಸ್ ಬಿಚ್ಚಿದಳು. ಚೆಂಡಿನಿಂದ ಗುಂಡಿಯವರೆಗೆ ಕಣ್ಣು ಮುಚ್ಚಿ ಬರಿಗಾಲಲ್ಲಿ ನಡೆದಳು, ವಾಪಸು ಬಂದಳು. ಗುಂಡಿಯ ಎಡಕ್ಕೆ ಗುರಿ ಹಿಡಿದು ತಟ್ಟಿದಳು. ಚೆಂಡು ಬಾಗಿ ಬಂದು ಒಳಗೆ ಬಿತ್ತು. ತರಬೇತುದಾರರು ಅವಳ ಪಾದ ನೋಡಿ ನಕ್ಕು, ಶನಿವಾರದಿಂದ ಬಾ ಎಂದರು.

ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಅಕ್ಕ ಮಗಳನ್ನು ಕೇಳಿದಳು: "ಕಾಲಲ್ಲಿ ನೋಡ್ಲಿಕ್ಕೆ ನಿಂಗೆ ಯಾರು ಹೇಳಿಕೊಟ್ಟದ್ದು?"

"ಕೋಯಿ ನಹೀ, ಯಾರೂ ಇಲ್ಲ ಅತ್ತೆ. ಟೆರೇಸಲ್ಲೇ ಇಳಿಜಾರು ಕಾಲಿಗೆ ಗೊತ್ತಾಗ್ತಿತ್ತು. ನಿಮಗೆ ಬೇಜಾರಾಗ್ತದೆ ಅಂತ ಪಾನಿ ಹಾಕ್ತಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು.

ಮುಂದಿನ ಕ್ಲಾಸಿಗೆ ಅಕ್ಕ ನೀರು ತರಲಿಲ್ಲ. ಎಲ್ಲ ಮಕ್ಕಳ ಎದುರು ಕಣ್ಣು ಮುಚ್ಚಿ, ಒಡೆದ ಹಿಮ್ಮಡಿಗಳನ್ನು ಕಾಂಕ್ರೀಟಿನ ಮೇಲೆ ಊರುತ್ತ ಲೋಟದವರೆಗೆ ನಡೆದಳು. ಶಿಷ್ಯೆಯ ಮುಂದೆ ಹೀಗೆ ನಿಲ್ಲುವುದು ನನ್ನಿಂದಂತೂ ಆಗದ ಕೆಲಸ. ಆಮೇಲೆ ನನ್ನ ಮಗಳನ್ನು ಹತ್ತಿರ ಕರೆದಳು.

"ನಂಗೆ ಎಂತದೂ ಗೊತ್ತಾಗುದಿಲ್ಲ ಮಾರಾಯ್ತಿ. ಇನ್ನೊಮ್ಮೆ ಹೇಳಿಕೊಡು."