ಕಾಳಿನ ಗಂಟಿನ ಮೇಲಿನ ಡಿಸ್ಕಸ್

ಮೊಳಕೆ ಒಡೆದ ಮಡಿಕೆಕಾಳಿಗೆ ಒಂದು ವಾಸನೆ ಇರುತ್ತದೆ. ಹಸಿ ಮಣ್ಣಿನದೂ ಅಲ್ಲ, ಹುಲ್ಲಿನದೂ ಅಲ್ಲ, ಎರಡರ ನಡುವಿನದು. ಇವತ್ತು ಮುಂಜಾನೆ ಆ ವಾಸನೆ ಹಿಡಿದು ಅಡುಗೆಮನೆಗೆ ಹೋದರೆ ಕಾಳಿನ ಗಂಟು ಬುಟ್ಟಿಯಲ್ಲಿ ಉಬ್ಬಿ ಕೂತಿತ್ತು. ಅದರ ಮೇಲೆ ಭಾರಕ್ಕೆಂದು ಇಟ್ಟಿದ್ದ ಡಿಸ್ಕಸ್ ಮಾಯವಾಗಿತ್ತು.

ನಗಬೇಡಿ. ನಮ್ಮದು ನವಲಗುಂದದ ಕಡೆಯ ಎರೆಭೂಮಿ. ಇಲ್ಲಿ ನಾಯಿಗೆ ಹೊಡೆಯೋಣವೆಂದರೂ ಒಂದು ಕಲ್ಲು ಸಿಗುವುದಿಲ್ಲ. ಮೊಳಕೆಗೆ ಕಟ್ಟಿದ ಕಾಳಿನ ಮೇಲೆ ಯಾರೋ ಒಳಕಲ್ಲಿನ ಗುಂಡು ಹೇರುತ್ತಾರೆ, ಯಾರೋ ನೀರಿನ ತಂಬಿಗೆ ಇಡುತ್ತಾರೆ. ನಮ್ಮ ಮನೆಯಲ್ಲಿ ಗಂಡಸರು ಎಸೆಯುವ ಎರಡು ಕಿಲೋ ಡಿಸ್ಕಸ್ ಇದೆ. ಕಟ್ಟಿಗೆಯ ದಪ್ಪ ತಟ್ಟೆ, ಸುತ್ತ ಕಬ್ಬಿಣದ ಅಂಚು. ನಾನು ಸೊಸೆಯಾಗಿ ಬಂದ ದಿನದಿಂದ ಅದು ಅಡುಗೆಮನೆಯ ಸಾಮಾನೇ ಆಗಿದೆ.

ಅದು ಇವರದು. ಇವರು ಎಂದರೆ ನಮ್ಮ ಮನೆಯವರು. ಎಪ್ಪತ್ತು ದಾಟಿದ ಗಂಡನ ಹೆಸರು ಹೇಳಲು ನನಗೆ ಇವತ್ತಿಗೂ ನಾಲಿಗೆ ಹೊರಳುವುದಿಲ್ಲ, ಕ್ಷಮಿಸಿ. ಹರೆಯದಲ್ಲಿ ಇವರಷ್ಟು ದೂರ ಡಿಸ್ಕಸ್ ಒಗೆಯುವವರು ನಮ್ಮ ಜಿಲ್ಲೆಯಲ್ಲೇ ಇರಲಿಲ್ಲವಂತೆ. ಡಿಸ್ಕಸ್ ಅನ್ನು ಹುಬ್ಬಳ್ಳಿಯಿಂದ ತಂದುಕೊಟ್ಟವರು ನಮ್ಮ ಮಾವ. ಆಟ ಕಲಿಸಿದವರೂ ಒಂದು ಲೆಕ್ಕದಲ್ಲಿ ಅವರೇ, ತಾವು ಒಮ್ಮೆಯೂ ಒಗೆಯದಿದ್ದರೂ. ಮಳೆಗಾಲದ ಎರೆ ನೆಲ ಹೇಗಿರುತ್ತದೆ, ನೋಡಿದ್ದೀರಲ್ಲ? ಮೇಲಿಂದ ಬಿದ್ದ ಡಿಸ್ಕಸ್ ಅಂಚಿನ ಮೇಲೆ ನಾಟಿ ಒಳಗಿಳಿದರೆ ಮಣ್ಣು ಬಾಯಿ ಮುಚ್ಚಿಕೊಳ್ಳುತ್ತದೆ. ಮೊದಲ ವಾರವೇ ಅದು ಹಾಗೆ ಕಳೆದುಹೋಗಿ, ಮನೆಮಂದಿಯೆಲ್ಲ ಕುರ್ಪಿ ಹಿಡಿದು ದಿನವಿಡೀ ಹೊಲ ಕೆದಕಿದ್ದರಂತೆ. ಅವತ್ತಿನಿಂದ ಮಾವ ಒಂದು ಕಟ್ಟಳೆ ಮಾಡಿದರು: "ಕೈ ಬಿಟ್ಟ ಮ್ಯಾಲೆ ಕಣ್ಣು ತಗೀಬ್ಯಾಡ. ಸೀದಾ ಬಿದ್ದಲ್ಲಿಗೇ ಓಡು."

ಇವರು ಹಾಗೆಯೇ ಕಲಿತರು. ಒಗೆಯುವುದು, ನೋಡುತ್ತಲೇ ಓಡುವುದು.

ಆಮೇಲೆ ಬೆಂಗಳೂರಿನಲ್ಲಿ ರಾಜ್ಯ ತಂಡದ ಆಯ್ಕೆ ನಡೆಯಿತು. ಇವರು ಹೋದರು, ಬರಿಗೈಯಲ್ಲಿ ಬಂದರು. ಕೇಳಿದವರಿಗೆ "ಆಗ್ಲಿಲ್ಲ" ಎಂದಷ್ಟೇ ಹೇಳಿ ಡಿಸ್ಕಸ್ ತಂದು ಅಡುಗೆಮನೆಯಲ್ಲಿಟ್ಟರು. ಆದರೆ ಅದೇ ಮೈದಾನಕ್ಕೆ ಹೋಗಿದ್ದ ನಮ್ಮ ಕಡೆಯ ಓಟದ ಹುಡುಗನೊಬ್ಬ ಊರಿಗೆ ಬಂದು, ಇವರದು ಎಲ್ಲರಿಗಿಂತ ದೂರ ಬಿದ್ದಿತ್ತು, ಆದರೂ ಕೆಂಪು ಬಾವುಟ ಎತ್ತಿದರು ಎಂದ. ಸಾಕಲ್ಲ? ಬೆಂಗಳೂರಿನವರು ಮೋಸ ಮಾಡಿದರು ಎಂದು ಮಾವ ತೀರ್ಮಾನಿಸಿದರು, ಊರು ಹೌದೆಂದಿತು. ನಾನಂತೂ ಮದುವೆಯಾಗಿ ಬಂದು ವರ್ಷ ತುಂಬುವುದರೊಳಗೆ ಕೆರೆಯ ದಂಡೆಯಲ್ಲಿ ಆ ಕಥೆಯನ್ನು ಬಿಂದಿಗೆಗೊಮ್ಮೆ ಹೇಳಿ, ಅಳೆಯುವ ಟೇಪನ್ನು ಮಡಚಿ ಅಳೆದರಂತೆ ಎಂದು ನನ್ನ ಪಾಲಿನ ಒಗ್ಗರಣೆಯನ್ನೂ ಹಾಕಿದ್ದೆ. ಮನೆಯಲ್ಲಿ ಆ ಮಾತು ಬಂದರೆ ಇವರು ಎದ್ದು ಹೋಗುತ್ತಿದ್ದರು. ನೋವು ಇನ್ನೂ ಹಸಿಯಾಗಿದೆ ಎಂದುಕೊಂಡಿದ್ದೆ.

ಇವರು ಮುಂದೆ ಸಾಲಿಯಲ್ಲಿ ಪಿ.ಟಿ. ಮಾಸ್ತರರಾದರು. ಇವರ ತಂಗಿ ಗಂಗಾ, ಆ ಮನೆಯ ಕೊನೆಯ ಹುಟ್ಟು, ಇವರ ಹಿಂದೆ ಹಿಂದೆಯೇ ತಿರುಗಿ ಕಾಲೇಜಿಗೆ ಹೋಗುವ ಹೊತ್ತಿಗೆ ತಾನೂ ಡಿಸ್ಕಸ್ ಒಗೆಯತೊಡಗಿದ್ದಳು. ಹೆಂಗಸರದು ಒಂದೇ ಕಿಲೋ; ಸಾಲಿಯದನ್ನು ತರುತ್ತಿದ್ದಳು. ತೋಳು ಮಾತ್ರ ಅಣ್ಣನದೇ. ಸಿಯೋಲಿನಲ್ಲಿ ಒಲಿಂಪಿಕ್ಸ್ ನಡೆದ ವರ್ಷ ಅವಳಿಗೂ ಬೆಂಗಳೂರಿನ ಆಯ್ಕೆಗೆ ಕರೆ ಬಂತು. ಮಾವ ಊಟದ ತಾಟಿನಿಂದ ತಲೆ ಎತ್ತದೆಯೇ ಹೇಳಿದರು: "ಆ ಊರಿಗೆ ಒಬ್ಬನ್ನ ಕಳಿಸಿ ಸಾಕಾಗೇತಿ. ಹೆಣ್ಣುಮಗಳನ್ನ ಕಳಿಸಂಗಿಲ್ಲ."

ಗಂಗಾ ಅಳಲಿಲ್ಲ. ರೊಟ್ಟಿ ಬಡಿಯುವ ಸರದಿ ಅವಳದಾಗಿತ್ತು. ಅವತ್ತಿನ ರೊಟ್ಟಿಯೆಲ್ಲ ಹರಿದಿದ್ದವು. ಇವರು ಎರಡು ಸಲ ಏನೋ ಹೇಳಲು ಬಾಯಿ ತೆರೆದು ಮತ್ತೆ ನೀರು ಕುಡಿದರು.

ನಮ್ಮ ಮನೆಗೆ ಟಿ.ವಿ. ಬಂದದ್ದು ಅದೇ ವರ್ಷ. ಮಾಳಿಗೆಯ ಮೇಲೆ ಆಂಟೆನಾ, ಪಡಸಾಲೆಯಲ್ಲಿ ಉದ್ದಕ್ಕೆ ಜಮಖಾನ, ಅದರ ತುಂಬ ಓಣಿಯ ಜನ. ಗಂಡಸರ ಡಿಸ್ಕಸ್ ಸ್ಪರ್ಧೆಯ ದಿನ ಮಾವ ಕಂಬಕ್ಕೆ ಒರಗಿ ಮುಂದೆಯೇ ಕೂತಿದ್ದರು. ಇವರ ಆಟವನ್ನು ಜಗತ್ತಿನ ಗಂಡಸರು ಆಡುವುದನ್ನು ಅವರು ನೋಡಿದ್ದು ಅದೇ ಮೊದಲು. ಜಾಲರಿಯೊಳಗೆ ಒಬ್ಬೊಬ್ಬನೂ ಬಂದು, ಎತ್ತಿನಂಥ ಮೈಯನ್ನು ಬುಗುರಿಯ ಹಾಗೆ ತಿರುಗಿಸಿ ಒಗೆಯುತ್ತಿದ್ದ. ಮಾವ ಪ್ರತಿಯೊಬ್ಬನಿಗೂ "ಇವನಕಿಂತ ನಮ್ಮಾಂವ ಚೊಲೊ ತಿರಗ್ತಿದ್ದ" ಎನ್ನುತ್ತಿದ್ದರು. ನಾನು ಚಹಾ ಕೊಡುತ್ತ ಹೌದೆನ್ನುತ್ತಿದ್ದೆ. ನಾನೇನು ಕಂಡಿದ್ದೆ!

ಪೂರ್ವ ಜರ್ಮನಿಯವನೊಬ್ಬ ಭಾರಿ ದೂರ ಒಗೆದ. ಒಗೆದವನು ವರ್ತುಲದಲ್ಲಿ ನಿಂತು ನೋಡಿ, ಆಮೇಲೆ ತಿರುಗಿ ಹಿಂದಿನಿಂದ ಸಾವಕಾಶವಾಗಿ ಹೊರಗೆ ನಡೆದ.

"ಇವರೆಲ್ಲ ಹಿಂದಕ್ಕ ಯಾಕ ಹೊಕ್ಕಾರ?" ಎಂದು ಕೇಳಿದರು ಮಾವ. "ಒಗದದ್ದು ಮುಂದ ಬಿದ್ದೈತಲ್ಲ?"

"ಹಿಂದಿಂದನ ಹೊರಗ ಬರಬೇಕಪಾ," ಎಂದಳು ಗಂಗಾ. "ಮುಂದಿಂದ ದಾಟಿದ್ರ ಫೌಲ್. ಎಷ್ಟು ದೂರ ಬಿದ್ರೂ ಲೆಕ್ಕಕ್ಕಿಲ್ಲ, ಕೆಂಪು ಬಾವುಟ ಎತ್ತತಾರ."

ಅವಳು ನಿಯಮ ಹೇಳಿದಳು ಅಷ್ಟೆ. ಅವಳಿಗೂ ಏನೂ ಹೊಳೆದಿರಲಿಲ್ಲ. ಹೊಳೆದದ್ದು ಮಾವನಿಗೆ. ಅವರು ನಿಧಾನವಾಗಿ ಮಗನ ಕಡೆ ತಿರುಗಿದರು.

ಇವರು ಆಗಲೂ ಸುಮ್ಮನಿರಬಹುದಿತ್ತು. ಗಂಗಾಳ ಮುಖ ನೋಡಿ ಹೇಳಿದರೋ ಏನೋ. "ಹೌದಪಾ. ಯಾರೂ ಮೋಸ ಮಾಡಲಿಲ್ಲ. ನಾ ಮುಂದಿಂದ ಓಡಿದೆ. ನಿಯಮ ಗೊತ್ತಿತ್ತು. ಆದ್ರ ಅವತ್ತು ಮಳಿ ಆಗಿ ನೆಲ ಹಸಿ ಇತ್ತು, ಅಷ್ಟು ದೂರ ಜನ್ಮದಾಗ ಒಗದಿರಲಿಲ್ಲ. ಕಾಲು ಕೇಳಲಿಲ್ಲ."

ಓಣಿಯ ಹಿರಿಯರೊಬ್ಬರು ಎತ್ತಿಗೆ ನೀರು ಕುಡಿಸಬೇಕು ಎನ್ನುತ್ತ ಎದ್ದರು. ಉಳಿದವರಿಗೂ ತಮ್ಮ ತಮ್ಮ ಎತ್ತು ನೆನಪಾದವು.

"ಇಷ್ಟು ವರ್ಷ ಯಾಕ ಹೇಳಲಿಲ್ಲಲೇ?" ಎಂದರು ಮಾವ.

ಇವರು ತಲೆ ತಗ್ಗಿಸಿದರು. ಉತ್ತರವನ್ನೂ ಮಾವನೇ ಹೇಳಿದರು: "ಓಡು ಅಂದಾಂವ ನಾನ ಅಲ್ಲೇನು."

ಆಗ ನನಗೆ ತಿಳಿಯಿತು. ಇವರು ಮುಚ್ಚಿಟ್ಟದ್ದು ತಮ್ಮ ತಪ್ಪನ್ನಲ್ಲ. ಅಪ್ಪ ಪ್ರೀತಿಯಿಂದ ಕಲಿಸಿದ್ದೇ ಮಗನ ಕಾಲಿಗೆ ತೊಡಕಾಯಿತು ಎಂಬುದು ಅಪ್ಪನಿಗೆ ತಿಳಿಯಬಾರದು ಎಂದು ಊರಿನ ಸುಳ್ಳನ್ನು ಬೆಳೆಯಲು ಬಿಟ್ಟಿದ್ದರು. ನಾನು ಅದಕ್ಕೆ ನೀರೆರೆದಿದ್ದೆ.

ಮಾವ ಅವತ್ತು ಊಟಕ್ಕೆ ಏಳಲಿಲ್ಲ. ಮರುದಿನ ಮುಂಜಾನೆ ಗಂಗಾಳನ್ನು ಕರೆದುಕೊಂಡು, ಹೆಸರುಕಾಳಿನ ಬೆಳೆ ಕಿತ್ತು ಖಾಲಿ ಬಿದ್ದಿದ್ದ ಹೊಲಕ್ಕೆ ಹೋದರು. ನಾನು ಬುತ್ತಿ ಒಯ್ದಾಗ ನೋಡಿದೆ: ಹಗ್ಗ ಎಳೆದು, ಬೂದಿಯಿಂದ ವರ್ತುಲ ಹಾಕಿದ್ದರು. ತಾವು ದೂರ, ಹೊಲದ ನಟ್ಟನಡುವೆ, ಕೊಡೆಯಂತೆ ಕೈ ಹಣೆಗೆ ಹಿಡಿದು ನಿಂತಿದ್ದರು.

"ಒಗಿ," ಎಂದು ಕೂಗಿದರು. "ಒಗದು ಹಿಂದಿಂದ ಹೋಗು. ನೀ ಓಡಬ್ಯಾಡ. ಬಿದ್ದದ್ದನ್ನ ನೋಡಾಕ ನಾ ಇದ್ದೀನಿ."

ಆಯ್ಕೆಗೆ ಹೊರಡುವವರೆಗೂ ಅದೇ ನಡೆಯಿತು. ಕೆಸರಿನಲ್ಲಿ ಕಾಲು ಕಿತ್ತಿಡುತ್ತ, ಪ್ರತಿ ಸಲವೂ ಡಿಸ್ಕಸ್ ಹೆಕ್ಕಿ, ಧೋತರದ ಚುಂಗಿನಿಂದ ಒರೆಸಿ ತಂದುಕೊಡುತ್ತಿದ್ದರು. ಇವರು ತಂಗಿಯನ್ನು ಬೆಂಗಳೂರಿಗೆ ಕರೆದೊಯ್ದರು. ಅವಳು ಆಯ್ಕೆಯಾಗಲಿಲ್ಲ, ಅವಳಿಗಿಂತ ಮೂವರು ದೂರ ಒಗೆದರು. ಬಸ್ಸಿಳಿದು ಬಂದವಳಿಗೆ ಮಾವ ಕೇಳಿದ್ದು ಒಂದೇ.

"ಹಿಂದಿಂದ ಬಂದ್ಯಾ?"

"ಎಲ್ಲಾ ಸಲನೂ ಅಪಾ. ಎಲ್ಲಾ ಬಿಳಿ ಬಾವುಟ."

"ಹಂಗಾರ ಚೊಲೊ ಆತು," ಎಂದು ಕೈಕಾಲು ತೊಳೆಯಲು ನೀರು ಕೊಟ್ಟರು. ಬೆಂಗಳೂರಿನ ಮೇಲಿನ ಸಿಟ್ಟಿನ ಮಾತನ್ನು ಅವರು ಮತ್ತೆ ಆಡಲಿಲ್ಲ.

ಮಾವ ತೀರಿಕೊಂಡು ಬಹಳ ವರ್ಷಗಳಾದವು. ಗಂಗಾ ಅಳ್ನಾವರದ ಕಡೆ ಪಿ.ಟಿ. ಟೀಚರ್ ಆಗಿದ್ದಾಳೆ, ದಸರೆ ರಜೆಗೆಂದು ನಿನ್ನೆ ಬಂದಿದ್ದಾಳೆ. ನನ್ನ ಕಾಳಿನ ಮೇಲಿನ ಭಾರ ಎಲ್ಲಿ ಹೋಗಿದೆ ಎಂದು ಈಗ ನಿಮಗೂ ತಿಳಿದಿರಬೇಕು.

ಬೈಯಲೆಂದೇ ಹಿತ್ತಿಲು ದಾಟಿ ಹೊಲಕ್ಕೆ ಹೋದೆ. ಬೂದಿಯ ವರ್ತುಲದಲ್ಲಿ ಇವರು ನಿಂತಿದ್ದರು. ಮೊಣಕಾಲು ನೋವೆಂದು ರಾತ್ರಿಯೆಲ್ಲ ಎಣ್ಣೆ ಹಚ್ಚಿಸಿಕೊಂಡ ಮನುಷ್ಯ ಒಂದು ಸುತ್ತು ತಿರುಗಿ ಒಗೆದರು. ಅದು ಹೆಚ್ಚು ದೂರವೇನೂ ಹೋಗಲಿಲ್ಲ. ಆದರೆ ಇವರು ಕಣ್ಣು ಕದಲಿಸದೆ, ಬೂದಿಯ ಗೆರೆ ತುಳಿದು, ಕುಂಟುತ್ತ ಅದರ ಹಿಂದೆ ಓಡಿದರು.

"ಫೌಲ್ ಅಣ್ಣಾ," ಎಂದು ಗಂಗಾ ನಕ್ಕಳು.

"ಏನ್ ಮಾಡ್ಲಿಬೇ," ಎಂದರು ಇವರು, ಕೆಸರಿನಿಂದ ಡಿಸ್ಕಸ್ ಕೀಳುತ್ತ. "ನೋಡಾಕ ಅಪ್ಪ ಇಲ್ಲಲ್ಲ."

ನಾನು ಸೆರಗನ್ನು ನಡುವಿಗೆ ಸಿಕ್ಕಿಸಿಕೊಂಡೆ. ಚಪ್ಪಲಿ ಬದುವಿನ ಮೇಲೆ ಬಿಟ್ಟು, ಹೊಲದ ನಟ್ಟನಡುವೆ, ಮಾವ ನಿಲ್ಲುತ್ತಿದ್ದ ಜಾಗಕ್ಕೆ ಹೋಗಿ ಕೈ ಹಣೆಗೆ ಹಿಡಿದು ನಿಂತೆ.

"ಇನ್ನೊಮ್ಮೆ ಒಗೀರಿ," ಎಂದು ಕೂಗಿದೆ. "ಓಡಬ್ಯಾಡ್ರಿ. ನಾ ಇದ್ದೀನಿ."

ಇವರು ಒಗೆದರು. ಡಿಸ್ಕಸ್ ನನ್ನ ಮುಂದೆ ಎರೆಯಲ್ಲಿ ನಾಟಿತು. ತಲೆ ಎತ್ತಿ ನೋಡಿದರೆ, ಇವರು ತಿರುಗಿ ಹಿಂದಿನಿಂದ ಸಾವಕಾಶವಾಗಿ ಹೊರಗೆ ನಡೆಯುತ್ತಿದ್ದರು.