ಅಚ್ಚಿಗೆ ಮುಂಚೆ ಮನೆಗೆ

ಪ್ರಿಂಟರಿನಿಂದ ಆಗತಾನೇ ಹೊರಬಂದ ಕಾಗದಕ್ಕೆ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ಬಿಸಿಬಿಸಿಯಾಗಿ, ಕೊಂಚ ಸುಟ್ಟ ಹಾಗೆ. ತುಮಕೂರಿನ ನನ್ನ ಡಿಟಿಪಿ ಅಂಗಡಿಯಲ್ಲಿ ದಿನವಿಡೀ ಅದೇ ವಾಸನೆ, ಮೂಗು ಅದನ್ನು ಕ್ಯಾರೇ ಅನ್ನುವುದಿಲ್ಲ. ಆದರೆ ಬೆಳಿಗ್ಗೆ ಷಟರ್ ಎತ್ತಿ ತೆಗೆಯುವ ಮೊದಲ ಹಾಳೆ ಇದೆಯಲ್ಲ, ಅದು ಮಾತ್ರ ನನ್ನನ್ನು ಹದಿನೈದು ವರ್ಷ ಹಿಂದಕ್ಕೆ, ಚರ್ಚಿನ ಪಕ್ಕದ ಒಂದು ಸಣ್ಣ ಕೋಣೆಗೆ ಎಳೆದುಕೊಂಡು ಹೋಗುತ್ತದೆ.

ಕೋಣೆ ಸಣ್ಣದಾದರೂ ಬೋರ್ಡು ದೊಡ್ಡದು: ಧರ್ಮಪ್ರಾಂತ್ಯದ ಸಮೂಹ ಮಾಧ್ಯಮ ಕಚೇರಿ. ಒಳಗಿದ್ದದ್ದು ಎರಡು ಮೇಜು, ಒಂದು ಕಂಪ್ಯೂಟರು ಮತ್ತು ಚೌರಪ್ಪಣ್ಣ. ಬಿಷಪ್ಪರು ಈ ಕಡೆ ಬಂದರೆ ಪತ್ರಿಕೆಗಳಿಗೆ ಸುದ್ದಿ ಕಳಿಸುವುದು, ವರದಿಗಾರರು ಫೋನು ಮಾಡಿದರೆ ಕಚೇರಿ ನೋಡಿಕೊಳ್ಳುತ್ತಿದ್ದ ಫಾದರ್ ಹೇಳಿಕೊಟ್ಟಷ್ಟನ್ನೇ ಹೇಳುವುದು, ತಿಂಗಳಿಗೊಮ್ಮೆ ಎಂಟು ಪುಟದ ಪತ್ರಿಕೆ ತರುವುದು, ಇವು ನಮ್ಮ ಕೆಲಸ. ಗುಬ್ಬಿಯ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಮಾಡಿಕೊಂಡಿದ್ದ ನನಗೆ ಚರ್ಚಿನೊಳಗೆ ಚಪ್ಪಲಿ ಬಿಟ್ಟು ಹೋಗಬೇಕೋ ಹಾಕಿಕೊಂಡೇ ಹೋಗಬೇಕೋ ಅನ್ನುವುದೂ ಗೊತ್ತಿರಲಿಲ್ಲ. ಕೆಲಸ ಕೇಳಿಕೊಂಡು ಹೋದಾಗ ಫಾದರ್ ಕೇಳಿದ್ದು ಒಂದೇ ಪ್ರಶ್ನೆ, ಕನ್ನಡ ಟೈಪಿಂಗ್ ಬರುತ್ತಾ ಅಂತ. ಬರುತ್ತಿತ್ತು.

ಚೌರಪ್ಪಣ್ಣನೇ ನಮ್ಮ ವರದಿಗಾರ, ಅವನೇ ಫೋಟೋಗ್ರಾಫರ್. ಆಗಲೇ ಐವತ್ತು ದಾಟಿದ್ದ ಮನುಷ್ಯ, ಜೇಬಿನಲ್ಲಿ ಸದಾ ಎರಡು ಪೆನ್ನು. ಪತ್ರಿಕೆಯ ಕೊನೆಯ ಪುಟ ಆ ತಿಂಗಳು ತೀರಿಕೊಂಡವರದ್ದು. ಒಂದು ಫೋಟೋ, ನಾಲ್ಕು ಸಾಲು. ಆ ನಾಲ್ಕು ಸಾಲನ್ನು ಅಚ್ಚಿಗೆ ಕಳಿಸುವ ಮುಂಚೆ ಪ್ರಿಂಟ್ ತೆಗೆದು, ಸತ್ತವರ ಮನೆಗೇ ಹೋಗಿ, ಮನೆಯವರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳಬೇಕು ಅನ್ನುವುದು ಅವನ ಹಟ. ಗುಬ್ಬಿ ಆದರೂ ಸರಿ, ಕುಣಿಗಲ್ ಆಚೆಯ ಹಳ್ಳಿ ಆದರೂ ಸರಿ. "ಫೋನಲ್ಲೇ ಓದಿದ್ರೆ ಆಗಲ್ವೇನಣ್ಣ?" ಅಂತ ನಾನು ಗೊಣಗಿದರೆ, "ಸತ್ತೋರು ಬಂದು ತಿದ್ದಕ್ಕಾಯ್ತದೇನ್ಲಾ? ನಡಿ, ಬಸ್ ಹೋಯ್ತದೆ" ಅನ್ನುತ್ತಿದ್ದ. ಆಗ ನನಗೆ ಅದು ಶುದ್ಧ ದಂಡದ ಕೆಲಸ ಅನ್ನಿಸುತ್ತಿತ್ತು.

ಕೊತ್ತಗೆರೆ ಕಡೆಯ ಆರೋಗ್ಯಮ್ಮ ತೀರಿಕೊಂಡದ್ದು ನಾನು ಸೇರಿದ ಮೂರನೆಯ ತಿಂಗಳು. ಹಿಂದಿನ ವರ್ಷ ಚರ್ಚಿನ ಹಬ್ಬದಲ್ಲಿ ಚೌರಪ್ಪಣ್ಣ ತೆಗೆದ ಅವರ ಫೋಟೋ ಕಂಪ್ಯೂಟರಿನಲ್ಲಿತ್ತು. ಹಣೆಯಲ್ಲಿ ಕಾಸಗಲ ಬೊಟ್ಟು! ನಾನು ಗಾಬರಿಯಾದೆ. ಕ್ರೈಸ್ತ ಹೆಂಗಸಿನ ಹಣೆಯಲ್ಲಿ ಬೊಟ್ಟು ಇದ್ದರೆ, ಅದೂ ಬಿಷಪ್ಪರು ನೋಡುವ ಪತ್ರಿಕೆಯಲ್ಲಿ, ಏನಾಗಬಹುದು? ಸ್ಟುಡಿಯೋದ ಕೈಚಳಕವನ್ನೆಲ್ಲ ತೋರಿಸಿ ಬೊಟ್ಟನ್ನು ಅಳಿಸಿದೆ, ಹಣೆಯನ್ನು ನುಣ್ಣಗೆ ಮಾಡಿದೆ, ಹಳೆಯ ಫೋಟೋದ ಮೇಲೆಯೇ ಸೇವ್ ಮಾಡಿದೆ. ಯಾರೂ ಹೇಳದೆ ಒಂದು ಅನಾಹುತ ತಪ್ಪಿಸಿದೆ ಅಂತ ಆ ದಿನ ಒಂದು ಟೀ ಹೆಚ್ಚಿಗೆ ಕುಡಿದೆ.

ಮರುದಿನ ಇಬ್ಬರೂ ಹೋದೆವು. ಆರೋಗ್ಯಮ್ಮನ ಗಂಡ ಇನ್ನಾಸಪ್ಪ ಜಗಲಿಯ ಮೇಲೆ ಕೂತು, ಚೌರಪ್ಪಣ್ಣ ಓದಿದ್ದನ್ನೆಲ್ಲ ತಲೆದೂಗುತ್ತಾ ಕೇಳಿದರು. ಆಮೇಲೆ ಹಾಳೆ ಇಸಿದುಕೊಂಡು ತುಂಬಾ ಹೊತ್ತು ನೋಡಿದರು.

"ಬರ್ದಿರದೆಲ್ಲ ಸರಿಯಾಗದೆ ಚೌರಪ್ಪ. ಆದ್ರೆ ಈಯಮ್ಮ ಯಾರು?"

ಚೌರಪ್ಪಣ್ಣ ಹಾಳೆ ನೋಡಿದ, ಆಮೇಲೆ ನನ್ನನ್ನು ನೋಡಿದ. "ಬೊಟ್ಟೆಲ್ಲೋ ಮಗಾ?"

ಅಳಿಸಿದ್ದು ನಾನೇ ಅಂತ ತೊದಲುತ್ತಾ ಹೇಳಿದೆ. "ನಮ್ ಹೆಂಗಸ್ರು ಬೊಟ್ಟೂ ಇಡ್ತಾರೆ, ಹೂವೂ ಮುಡೀತಾರೆ, ಜಪಮಾಲೆನೂ ಹೇಳ್ತಾರೆ ಕಣ್ಲಾ. ನಿನ್ನ ಕೇಳ್ಬುಟ್ಟು ಇಡ್ಬೇಕಾಗಿತ್ತಾ?" ಅಂದ ಚೌರಪ್ಪಣ್ಣ. ಹಳೆಯ ಫೋಟೋ ಉಳಿದಿಲ್ಲ, ಕ್ಯಾಮೆರಾದಿಂದಲೂ ಎಂದೋ ಅಳಿಸಿಹೋಗಿದೆ ಅಂತ ಗೊತ್ತಾದಾಗ ಇನ್ನಾಸಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಇದ್ದಿದ್ದು ಅದೊಂದೇ ಕಣಪ್ಪ" ಅಂದರು ಅಷ್ಟೆ. ಬಸ್ಸಿನಲ್ಲಿ ವಾಪಸು ಬರುವಾಗ ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಆದರೆ ಎರಡು ದಿನ ಬಿಟ್ಟು ಇನ್ನಾಸಪ್ಪ ತಾವೇ ತುಮಕೂರಿಗೆ ಬಂದರು. ಚೌರಪ್ಪಣ್ಣ ಹೇಳಿ ಕಳಿಸಿದ್ದನಂತೆ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಹಣೆಯ ನಟ್ಟನಡುವೆ ದುಂಡಗೆ ಒಂದು ಬೊಟ್ಟಿಟ್ಟೆ.

"ಅಲ್ಲಲ್ಲ. ಅವ್ಳು ಯಾವತ್ತು ಕನ್ನಡಿ ನೋಡ್ಕೊಂಡು ಇಟ್ಟವ್ಳೆ? ಒಲೆ ಮುಂದೆ ಕುಂತ್ಕೊಂಡೇ ಒತ್ಕೊಳ್ಳೋಳು. ಸೊಟ್ಟಕೇ ಇರೋದು."

ಮೌಸಿನಿಂದ ಪಕ್ಕಕ್ಕೆ ಎಳೆದೆ. "ಇನ್ನೊಂಚೂರು." ಎಳೆದೆ. "ಈಗ ಒಸಿ ಕೆಳಿಕ್ಕೆ." ಕೆಳಗಿಳಿಸಿದೆ. ತಟ್ಟನೆ ನನ್ನ ಕೈ ಹಿಡಿದುಕೊಂಡರು. "ಆಂ, ಬುಡು, ಬುಡು. ಬಂದ್ಲು."

ನೀರು ಕುಡಿದು ಬರುತ್ತೇನೆ ಅಂತ ನಾನು ಎದ್ದು ಹೊರಗೆ ಹೋದೆ. ನನಗೆ ಅಳು ಬಂದಿತ್ತು. ಅಂದಿನಿಂದ ಬಸ್ಸಿಗೆ ಹೊತ್ತಾಯಿತು ಅಂತ ಚೌರಪ್ಪಣ್ಣನನ್ನು ಎಬ್ಬಿಸುವ ಸರದಿ ನನ್ನದಾಯಿತು.

ಆ ಕೋಣೆ ಈಗ ಇಲ್ಲ. ಕಚೇರಿ ದೊಡ್ಡ ಊರಿಗೆ ಹೋಯಿತು, ಪತ್ರಿಕೆ ಫೋನಿನೊಳಗೆ ಹೋಯಿತು. ಚೌರಪ್ಪಣ್ಣ ಗುಬ್ಬಿಯ ಮನೆ ಸೇರಿದ, ನಾನು ಅಂಗಡಿ ಹಾಕಿದೆ. ನನ್ನ ಅಂಗಡಿಗೂ ಸತ್ತವರ ಫೋಟೋಗಳು ಬರುತ್ತವೆ, ಫೋನಿನಲ್ಲೇ. 'ನೀವೇ ನೋಡ್ಕೊಂಡು ಮಾಡಿ' ಅಂತ ಒಂದು ಸಾಲು, ಮಾಡಿ ಕಳಿಸಿದರೆ ಒಂದು ಹೆಬ್ಬೆರಳಿನ ಚಿತ್ರ. ಈಯಮ್ಮ ಯಾರು ಅಂತ ಯಾರೂ ಕೇಳುವುದಿಲ್ಲ. ಹಾಗೆ ಕೇಳುವವರಿಲ್ಲವಲ್ಲ ಅಂತ ನನಗೆ ಎಷ್ಟು ಸಂಕಟವಾಗುತ್ತದೆ ಅಂದರೆ, ಹೇಳಿದರೆ ನೀವು ನಗುತ್ತೀರಿ.

ಹೋದ ತಿಂಗಳು ಚೌರಪ್ಪಣ್ಣ ಹೋಗಿಬಿಟ್ಟ. ಮಣ್ಣಿಗೆ ಹೋಗಿ ಬಂದ ಮರುದಿನ ಕಚೇರಿಯ ಹೊಸ ಫಾದರ್ ಫೋನು ಮಾಡಿದರು. "ನಿಮಗೆ ಅವರು ಚೆನ್ನಾಗಿ ಗೊತ್ತಲ್ಲ ಸಾರ್, ಮನೆಯವರು ಫೋಟೋ ಕಳಿಸಿದ್ದಾರೆ, ನೀವು ನಾಲ್ಕು ಸಾಲು ಬರೆದು ಕಳಿಸಿ. ಹತ್ತು ನಿಮಿಷದಲ್ಲಿ ಗ್ರೂಪಿಗೆ ಹಾಕಬೇಕು."

ಹತ್ತು ನಿಮಿಷದಲ್ಲೇ ಬರೆದೆ. ಆದರೆ ಕಳಿಸಲು ಬೆರಳು ಏಳಲಿಲ್ಲ. "ಸಂಜೆ ಕಳಿಸ್ತೀನಿ ಫಾದರ್. ಮನೆಯವ್ರಿಗೆ ಓದಿ ಹೇಳ್ಬೇಕು" ಅಂದೆ. "ಫೋಟೋ ಕಳಿಸಿದ್ದೇ ಮನೆಯವರಲ್ವಾ?" ಅಂದರು ಅವರು, ಪಾಪ, ನಿಜವಾಗಿಯೂ ಅರ್ಥವಾಗದೆ. ನಾನು ಅಂಗಡಿ ಮುಚ್ಚಿ ಗುಬ್ಬಿ ಬಸ್ಸು ಹತ್ತಿದೆ.

ಚೌರಪ್ಪಣ್ಣನ ಹೆಂಡತಿ ಥೆರೇಸಮ್ಮ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದರು. ಅವರೆದುರು ಕೂತು ನಾಲ್ಕು ಸಾಲನ್ನೂ ಗಟ್ಟಿಯಾಗಿ ಓದಿದೆ. ಮುಗಿಸಿ, ಪೆನ್ನು ತೆಗೆದು ಕಾದೆ.

"ಏನಾದ್ರೂ ತಿದ್ಬೇಕಾ ಅಕ್ಕ?"

ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ತಿದ್ದೋದೇನಿಲ್ಲ ಕಣಪ್ಪ. ಇನ್ನೊಂದ್ಸಲ ಓದು."

ಜೇಬಿನಲ್ಲಿ ನನ್ನ ಫೋನು ಬಡಿದುಕೊಳ್ಳುತ್ತಿತ್ತು, ಫಾದರ್ ಇರಬೇಕು. ನಾನು ಮತ್ತೆ ಮೊದಲ ಸಾಲಿನಿಂದ ಓದತೊಡಗಿದೆ.