ಟಪಾಲಿನ ಕಾಕಾ ಹೇಳಿದ ಸಾಲು

ದೇವರು ನನಗೊಂದು ಕೆಟ್ಟ ಗುಣ ಕೊಟ್ಟಿದ್ದಾನೆ. ಯಾರಾದರೂ ‘ಇದು ನಡೀವಲ್ದು’ ಎಂದರೆ ಸಾಕು, ಯಾಕೆ, ಯಾರಿಗಾಗಿ ಎಂದು ಕೇಳದೆ ದುರಸ್ತಿಗೆ ಕೂತುಬಿಡುತ್ತೇನೆ. ಮನೆಯ ಮಿಕ್ಸರಿನಿಂದ ಹಿಡಿದು ನೆಂಟರ ಮನೆಯ ರೇಡಿಯೋವರೆಗೆ ನಾನು ಕೈಹಾಕದ ವಸ್ತುವಿಲ್ಲ. ಈ ಗುಣದಿಂದ ನನಗಾದ ಲಾಭ ಅಷ್ಟಕ್ಕಷ್ಟೇ. ಆದ ನಷ್ಟವನ್ನು ಮಾತ್ರ ಇಷ್ಟು ವರ್ಷವಾದರೂ ಮರೆಯಲು ಆಗಿಲ್ಲ.

ಎರಡು ಸಾವಿರ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಗೋಕಾಕದಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಕಲಿಸುತ್ತಿದ್ದೆ. ಯುಗಾದಿ ಮುಗಿದ ಮೇಲೆ ಕೇಂದ್ರ ಮುಚ್ಚುವುದಾಗಿ ಮಾಲೀಕರು ಮೊದಲೇ ಹೇಳಿಬಿಟ್ಟಿದ್ದರು. ಅದೇ ಹೊತ್ತಿಗೆ ಊರಿನ ಒಂದು ಶಿಕ್ಷಣ ಸಂಸ್ಥೆಗೆ ಕಂಪ್ಯೂಟರ್ ನೋಡಿಕೊಳ್ಳುವವರು ಬೇಕಾಗಿದ್ದರು. ಕಾಲೇಜಿಗೆ ಹೋಗಲಾಗದವರಿಗೆ ಅಂಚೆಯಲ್ಲಿ ಪಾಠದ ಪುಸ್ತಕ ಕಳಿಸಿ ಪರೀಕ್ಷೆ ಬರೆಸುವ ಸಂಸ್ಥೆ ಅದು. ಅವರ ಪುಸ್ತಕದ ಕಟ್ಟುಗಳು ಬಹಳಷ್ಟು ವಾಪಸು ಬರುತ್ತಿದ್ದವು. ವಿದ್ಯಾರ್ಥಿ ತನ್ನ ಊರಿನ ಹೆಸರು ಹಾಕಿದರೆ ಸರಿಯಾದ ಪಿನ್ ಕೋಡ್ ಹುಡುಕಿ ಕೊಡುವ ವೆಬ್‌ಸೈಟ್ ಒಂದನ್ನು ಯಾರು ಚೆನ್ನಾಗಿ ಮಾಡಿ ತೋರಿಸುತ್ತಾರೋ ಅವರಿಗೆ ಕಾಯಂ ನೌಕರಿ ಎಂದು ಸಂಸ್ಥೆಯ ಹಿರಿಯರು ಹೇಳಿದ್ದರು. ಡಿಪ್ಲೊಮಾ ಮುಗಿಸಿದಾಗಿನಿಂದ ತಾತ್ಕಾಲಿಕ ಎಂಬ ಶಬ್ದವನ್ನು ತಲೆಮೇಲೆ ಹೊತ್ತು ತಿರುಗಿದವಳು ನಾನು. ಆ ನೌಕರಿ ನನಗೆ ಬೇಕೆಂದರೆ ಬೇಕೇ ಬೇಕಾಗಿತ್ತು.

ಕಟ್ಟುಗಳು ಯಾಕೆ ವಾಪಸು ಬರುತ್ತಿದ್ದವು ಎಂಬುದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಅರ್ಧ ಊರು ಊರೊಳಗೆ ಇರುವುದೇ ಇಲ್ಲ, ತೋಟದಲ್ಲಿರುತ್ತದೆ. ಹೊಲದಲ್ಲಿಯೇ ಮನೆ ಕಟ್ಟಿಕೊಂಡು, ದನ ಕಟ್ಟಿಕೊಂಡು, ಅಲ್ಲೇ ಮೂರು ತಲೆಮಾರು ಕಳೆದ ಮನೆತನಗಳಿವೆ. ಆ ತೋಟಕ್ಕೊಂದು ಹೆಸರು. ಅದರ ಜಮೀನು ಒಂದು ಊರಿನ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇದ್ದರೆ, ಟಪಾಲು ಬರುವುದು ಇನ್ನೊಂದು ಊರಿನ ಅಂಚೆ ಕಚೇರಿಯಿಂದ. ಅಂಚೆಯವರ ಯಾದಿಯಲ್ಲಿ ಊರಿನ ಹೆಸರಿರುತ್ತದೆ, ತೋಟದ್ದು ಇರುವುದಿಲ್ಲ. ಅದು ಇರುವುದು ಪೋಸ್ಟ್‌ಮನ್ನನ ತಲೆಯಲ್ಲಿ.

ಹಾಗಾಗಿ ನಾನು ತಲೆಗಳನ್ನು ಹುಡುಕಿಕೊಂಡು ಹೋದೆ. ಮಮದಾಪುರದಲ್ಲಿ ಒಬ್ಬರು ಸಿಕ್ಕರು, ಅರ್ಧ ಹೇಳಿ ಬೇಸರಪಟ್ಟುಕೊಂಡರು. ನಿಜವಾಗಿ ಸಿಕ್ಕವರು ಮೂಡಲಗಿಯ ಕಾಕಾ. ನಿವೃತ್ತರಾದ ಪೋಸ್ಟ್‌ಮನ್, ನಮ್ಮ ತಂದೆಗೆ ಪರಿಚಯದವರು. ಒಂಬತ್ತು ರವಿವಾರ ಅವರ ಪಡಸಾಲೆಯಲ್ಲಿ ಕೂತು ಬರೆದುಕೊಂಡೆ. ಅವರಿಗೆ ‘ಅ’ದಿಂದ ಹೇಳಿ ಎಂದರೆ ಒಂದು ಹೆಸರೂ ನೆನಪಾಗುತ್ತಿರಲಿಲ್ಲ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಸೈಕಲ್ ಹತ್ತಬೇಕು, ಆಗ ಒಂದರ ಹಿಂದೆ ಒಂದು ಬರುತ್ತಿದ್ದವು. ಮೊದಲು ಕಾಲುವೆ ಮಗ್ಗುಲಿನ ತೋಟ, ಅಲ್ಲಿಂದ ಎರಡು ಬಾವಿ ತೋಟ, ಏರು ಹತ್ತಿ ಬಸದಿ ಹೊಲದ ತೋಟ, ಇಳಿದರೆ ದೊಡ್ಡ ಬಂಡೆ ತೋಟ. ಏರು ಬಂದಾಗ ಕಾಕಾರ ದನಿ ಸ್ವಲ್ಪ ಏದುಸಿರಾಗುತ್ತಿತ್ತು ಎಂದರೆ ನೀವು ನಂಬುವುದಿಲ್ಲ.

ಆ ಹಾದಿಯಲ್ಲಿ ಆಲದಮರದ ತೋಟ ಎರಡನೆಯದಾಗಿ ಬರಬೇಕು. ಆದರೆ ಅಲ್ಲಿಯ ನಾಯಿ ಒಮ್ಮೆ ಕಾಕಾರ ಮೀನಖಂಡ ಹಿಡಿದಿತ್ತಂತೆ. ಆಮೇಲೆ ಅವರು ಅತ್ತ ಕಾಲಿಡದೆ, ಆ ತೋಟದ ಪತ್ರಗಳನ್ನು ಸುತ್ತೆಲ್ಲ ಮುಗಿಸಿ ಹಿಟ್ಟಿನ ಗಿರಣಿಯಲ್ಲಿ ಕೊಟ್ಟು ಬರುತ್ತಿದ್ದರು. ಹಾಗಾಗಿ ಅವರ ಬಾಯಲ್ಲಿ ಅದು ಎಲ್ಲಕ್ಕಿಂತ ಕೊನೆಗೆ ಬಂತು. ನಾನೂ ಹಾಗೆಯೇ ಬರೆದುಕೊಂಡೆ, ಹಾಗೆಯೇ ಡೇಟಾಬೇಸಿಗೆ ತುಂಬಿದೆ. ನಡುವೆ ಒಮ್ಮೆ, ಇದನ್ನೆಲ್ಲ ಅಕ್ಷರದ ಪ್ರಕಾರ ಜೋಡಿಸಲೇ ಎಂದು ಕೇಳಿದ್ದಕ್ಕೆ ಕಾಕಾ ಬೇಡವೆಂದು ತಲೆಯಾಡಿಸಿದರು.

“ಈ ಹಾದಿ ಒಂದು ಕೆಡಿಸಬ್ಯಾಡ ತಂಗಿ. ನಾಳೆ ಹೊಸಾ ಪೋಸ್ಟ್‌ಮನ್ ಬಂದ್ರ ಇದನ್ನ ನೋಡಿ ಸೈಕಲ್ ಹೊಡೀತಾನ.”

ನಾನು ಆಗಲಿ ಎಂದೆ. ಒಂಬತ್ತು ರವಿವಾರ ಚಹಾ ಕುಡಿಸಿದವರು ಕೇಳಿದ್ದು ಇದೊಂದೇ.

ಇನ್ನು ನನ್ನ ಗೆಳತಿಯ ಮಾತು. ಅವಳು ಹುಕ್ಕೇರಿ ಕಡೆಯ ಕಣಗಲಾ ಊರಿನವಳು, ಡಿಪ್ಲೊಮಾಕ್ಕೆ ಗೋಕಾಕಕ್ಕೆ ಬಂದಾಗ ನನ್ನ ಪಕ್ಕದ ಬೆಂಚು. ಕೊಣ್ಣೂರಿನ ನಮ್ಮ ಮನೆಯಲ್ಲಿ ವಾರಕ್ಕೆರಡು ಸಲವಾದರೂ ಉಂಡವಳು. ನಮ್ಮವ್ವ ಮೊಸರಿನ ಮೇಲಿನ ಕೆನೆ ತೆಗೆದು ಅವಳಿಗೆ ಬಡಿಸುತ್ತಿದ್ದಳು, ನನಗಲ್ಲ. ಓದು ಮುಗಿದ ಮೇಲೆ ಅವಳು ಹುಕ್ಕೇರಿಯ ಒಂದು ಕಂಪ್ಯೂಟರ್ ಕೇಂದ್ರ ಸೇರಿದಳು. ನಮ್ಮ ಕೇಂದ್ರದಲ್ಲಿ ಕರೆಂಟು ಹೋಗಿ ಬಂದು ಒಂದು ಸಲ ಹಾರ್ಡ್ ಡಿಸ್ಕ್ ಕೆಟ್ಟಿದ್ದರಿಂದ ನನಗೆ ಹೆದರಿಕೆಯಾಗಿ, ಕಾಕಾರ ಯಾದಿಯನ್ನೆಲ್ಲ ಸಿಡಿಗೆ ಹಾಕಿ ಒಂದು ಪ್ರತಿ ಅವಳ ಕೈಗೆ ಕೊಟ್ಟೆ. ನಮ್ಮ ಮನೆಗಿಂತ ಅವಳ ಟ್ರಂಕೇ ಭದ್ರ ಎಂದುಕೊಂಡವಳು ನಾನು. ಆ ನೌಕರಿಗೆ ನೀನೂ ಅರ್ಜಿ ಹಾಕುತ್ತೀಯಾ ಎಂದು ಆ ದಿನವೇ ಕೇಳಿದ್ದೆ. ಗೋಕಾಕದ ನೌಕರಿ ತನಗ್ಯಾಕೆ, ಹುಕ್ಕೇರಿಯೇ ಸಾಕು ಎಂದಿದ್ದಳು.

ಅದಾಗಿ ಒಂದು ತಿಂಗಳಿಗೆ ಅವಳ ಫೋನು ಶುರುವಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಕೇಂದ್ರದ ಫೋನು ರಿಂಗಾದರೆ ಅವಳೇ. ತಮ್ಮಲ್ಲಿ ಕಲಿಯುವ ಮಕ್ಕಳ ವಿಳಾಸಗಳನ್ನಿಟ್ಟುಕೊಂಡು ಪಿನ್ ಕೋಡ್ ಹುಡುಕುವ ಒಂದು ಪುಟ ಮಾಡುತ್ತಿದ್ದೇನೆ, ಅಭ್ಯಾಸಕ್ಕೆ, ಆದರೆ ನಡೆಯುತ್ತಿಲ್ಲ ಎಂದಳು. ನಡೆಯುತ್ತಿಲ್ಲ ಎಂದಮೇಲೆ ನನಗೆ ಬುತ್ತಿ ಬಿಚ್ಚುವ ಮನಸ್ಸೆಲ್ಲಿ?

ಮೊದಲನೆಯ ದಿನ, ಪಿನ್ ಹಾಕಿದರೆ ಏನೂ ಸಿಗುವುದಿಲ್ಲ ಎಂಬ ದೂರು. ಹೇಗೆ ಹಾಕುತ್ತಿದ್ದಾರೆ ಎಂದು ಕೇಳಿದೆ. ಜನ ಕಾಗದದ ಮೇಲೆ ಬರೆದಂತೆ ಮೂರು ಅಂಕಿ, ನಡುವೆ ಜಾಗ, ಮತ್ತೆ ಮೂರು ಅಂಕಿ ಹಾಕುತ್ತಿದ್ದರು. ಡೇಟಾಬೇಸಿನಲ್ಲಿ ಆರೂ ಕೂಡಿಕೊಂಡಿದ್ದವು. ಮನುಷ್ಯರ ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹುಡುಕುವ ಮೊದಲು ನಡುವಿನ ಜಾಗ ತೆಗೆದುಹಾಕಲು ಹೇಳಿಕೊಟ್ಟೆ. ಮುಂದಿನ ವಾರ ಊರಿನ ಹೆಸರು ಸಿಗುತ್ತಿಲ್ಲ ಎಂದಳು. ನಮ್ಮ ಮಂದಿಗೆ ಊರಿನ ಹೆಸರಿನ ಹಿಂದೆ ‘ಮು.ಪೋ.’ ಹಚ್ಚದಿದ್ದರೆ ವಿಳಾಸ ಬರೆದಂತೆಯೇ ಅಲ್ಲ. ಮುಕ್ಕಾಮೂ ಅದೇ, ಪೋಸ್ಟೂ ಅದೇ ಎಂದು ಹೇಳಬೇಕಲ್ಲ. ಹುಡುಕುವ ಪೆಟ್ಟಿಗೆಯಲ್ಲೂ ಭಕ್ತಿಯಿಂದ ಅದನ್ನೇ ಟೈಪ್ ಮಾಡುತ್ತಿದ್ದರು. ಅದನ್ನು ಕತ್ತರಿಸುವ ಸಾಲು ಬರೆಸಿದೆ. ಆಮೇಲೆ ಪುಟ ಬರಲು ಬಹಳ ಹೊತ್ತು ಹಿಡಿಯುತ್ತದೆ ಎಂದಳು. ಪಿನ್ನಿನ ಕಾಲಮ್ಮಿಗೆ ಇಂಡೆಕ್ಸ್ ಕಟ್ಟಿಸಿದೆ. ನನ್ನ ವೆಬ್‌ಸೈಟಿನಲ್ಲಿ ನಾನು ವಾರಗಟ್ಟಲೆ ಒದ್ದಾಡಿ ಕಂಡುಕೊಂಡ ಮದ್ದುಗಳೆಲ್ಲ ಅವಳಿಗೆ ಐದೈದು ನಿಮಿಷದಲ್ಲಿ ಸಿಕ್ಕವು. ನನಗೆ ಅದರಲ್ಲಿ ಹೆಮ್ಮೆಯೇ ಇತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಗೆಳತಿ ಏನೋ ಕಲಿಯುತ್ತಿದ್ದಾಳೆ ಎಂದು ಮನೆಯಲ್ಲಿ ಅವ್ವನ ಮುಂದೆ ಹೊಗಳಿದ್ದೂ ಉಂಟು.

ಸಂಸ್ಥೆಯ ಹಿರಿಯರ ಮುಂದೆ ತೋರಿಸಲು ಎರಡು ದಿನ ಉಳಿದಿತ್ತು. ಮಧ್ಯಾಹ್ನ ಅವಳ ಫೋನು ಬಂತು. ಪಿನ್ ಹಾಕಿದರೆ ಅದರ ಕೆಳಗಿನ ತೋಟಗಳೆಲ್ಲ ಬರುತ್ತವೆ, ಆದರೆ ಅಕ್ಷರದ ಪ್ರಕಾರ ಬರದೆ ಮನಸ್ಸಿಗೆ ಬಂದಂತೆ ಬರುತ್ತವೆ ಎಂದಳು. ಅದೇನು ಮಹಾ. ಹೇಳದಿದ್ದರೆ ಯಂತ್ರ ನಾವು ತುಂಬಿದ ಕ್ರಮದಲ್ಲೇ ಕೊಡುತ್ತದೆ, ಕೊನೆಗೆ ಜೋಡಿಸುವ ಒಂದು ಸಾಲು ಸೇರಿಸು ಎಂದು ಆ ಸಾಲನ್ನು ಅಕ್ಷರ ಅಕ್ಷರ ಬಿಡಿಸಿ ಬರೆಸಿದೆ. ಬರೆಸಿದ ಮೇಲೆ, ಸರಿಯಾಯಿತೋ ಇಲ್ಲವೋ ತಿಳಿಯಬೇಕಲ್ಲ, ಮೊದಲು ಹೇಗೆ ಬರುತ್ತಿತ್ತು ಓದು ಎಂದೆ. ಅವಳು ಮುದ್ರಿಸಿದ ಹಾಳೆ ಹಿಡಿದು ಓದಿದಳು.

“ಕಾಲುವಿ ಮಗ್ಗಲ ತ್ವಾಟ. ಎರಡ ಬಾವಿ ತ್ವಾಟ. ಬಸದಿ ಹೊಲದ ತ್ವಾಟ. ದೊಡ್ಡ ಬಂಡಿ ತ್ವಾಟ.”

ಅವಳು ಹೆದರದೆ ಓದಿದ್ದರಲ್ಲಿ ಆಶ್ಚರ್ಯವಿಲ್ಲ. ಇಂಥ ಹೆಸರಿನ ತೋಟಗಳು ಹುಕ್ಕೇರಿ ಕಡೆಯೂ ಊರಿಗೊಂದಿವೆ. ಬಾವಿ ಎಲ್ಲಿಲ್ಲ, ಬಂಡೆ ಎಲ್ಲಿಲ್ಲ? ಹೆಸರು ಎಲ್ಲಿಯದಾದರೂ ಆಗಬಹುದು. ಆದರೆ ಅವು ಬಂದ ಸಾಲು? ಅವಳು ಓದುತ್ತಾ ಹೋದಳು, ನಾನು ಕಾಕಾರ ಸೈಕಲ್ಲಿನ ಹಿಂದೆ ಹೋಗುತ್ತಿದ್ದೆ. ಏರು ಬಂತು, ಇಳುಕಲು ಬಂತು. ಹಾಳೆಯ ತಳಕ್ಕೆ ಬಂದು “ಆಲದಮರದ ತ್ವಾಟ, ಮುಗೀತು” ಎಂದಳು. ಆ ತೋಟವನ್ನು ಕೊನೆಗೆ ತಳ್ಳಿದ್ದು ಯಾವ ಯಂತ್ರವೂ ಅಲ್ಲ, ಮೂಡಲಗಿಯ ಒಂದು ನಾಯಿ.

ಕೇಳಿಸುತ್ತಿದೆಯೇ ಎಂದು ಅವಳು ಎರಡು ಸಲ ಕೇಳಿದಳು. ಆ ಸಿಡಿ ಎಲ್ಲಿಟ್ಟಿದ್ದೀಯಾ ಎಂದೆ. ಫೋನಿನಲ್ಲಿ ಅವಳ ಕೇಂದ್ರದ ಫ್ಯಾನಿನ ಸದ್ದು ಕೇಳುತ್ತಿತ್ತು.

“ನೌಕರಿ ನನಗೂ ಬೇಕಲ್ಲೇನ,” ಎಂದಳು ಕೊನೆಗೆ.

ಬೇಕಿದ್ದರೆ ಹೇಳಬಹುದಿತ್ತು. ಇಬ್ಬರೂ ಅರ್ಜಿ ಹಾಕುತ್ತಿದ್ದೆವು, ಯಾರಿಗೆ ಸಿಕ್ಕರೂ ಇನ್ನೊಬ್ಬಳು ಪೇಢೆ ತಿನ್ನುತ್ತಿದ್ದಳು. ಈ ಮಾತೆಲ್ಲ ನನಗೆ ಹೊಳೆದದ್ದು ಫೋನಿಟ್ಟ ಮೇಲೆ. ಕೋಪಕ್ಕಿಂತ ಹೆಚ್ಚಾಗಿ ನನಗೆ ನಾಚಿಕೆಯಾಯಿತು. ಎರಡು ತಿಂಗಳು ನನ್ನ ಮನೆಗೇ ಕನ್ನ ಕೊರೆಯುತ್ತಿದ್ದವಳಿಗೆ, ಇಲ್ಲಿ ಗೋಡೆ ಮೆತ್ತಗಿದೆ ನೋಡು ಎಂದು ದೀಪ ಹಿಡಿದು ನಿಂತಿದ್ದೆನಲ್ಲ.

ತೋರಿಸುವ ದಿನ ಅವಳು ಇಸ್ತ್ರಿ ಸೀರೆಯುಟ್ಟು ಬಂದಿದ್ದಳು. ನನ್ನ ಕಡೆ ನೋಡಲಿಲ್ಲ. ಮೊದಲು ಅವಳ ಸರದಿ. ಪಿನ್ ಹಾಕಿದರೆ ತೋಟಗಳು ಸಾಲಾಗಿ ಬಂದವು, ಅಕ್ಷರದ ಪ್ರಕಾರ, ಆಲದಮರದ ತೋಟ ಎಲ್ಲಕ್ಕಿಂತ ಮೇಲೆ. ಮುದ್ರಿಸಿದ ಪ್ರತಿಗಳನ್ನು ಎಲ್ಲರಿಗೂ ಹಂಚಿದಳು. ಹಿರಿಯರು ತಲೆದೂಗಿದರು. ಆಮೇಲೆ ನನ್ನದು. ಅವೇ ತೋಟ, ಅವೇ ಪಿನ್, ಕಾಕಾರ ಹಾದಿಯಲ್ಲಿ. ಹಿಂದಿನ ದಿನವೆಲ್ಲ ನನ್ನ ಕೈ ತುರಿಸಿತ್ತು. ಒಂದು ಸಾಲು ಸೇರಿಸಿದ್ದರೆ ನನ್ನದೂ ಅಷ್ಟೇ ಚೆಂದ ಕಾಣುತ್ತಿತ್ತು. ಆದರೆ ಕಾಕಾರಿಗೆ ಮಾತು ಕೊಟ್ಟಿದ್ದೆ. ಅದೂ ಅಲ್ಲದೆ, ಯಾದಿ ನನ್ನದು ಎನ್ನಲು ಆ ಹಾದಿಯೊಂದೇ ನನ್ನ ಬಳಿ ಉಳಿದ ಸಾಕ್ಷಿ ಎಂದುಕೊಂಡಿದ್ದೆ.

ಅದನ್ನೇ ಹೇಳಿದೆ. ಇದು ನಾನು ಮೂಡಲಗಿಯಲ್ಲಿ ಕೂತು ಬರೆದುಕೊಂಡ ಯಾದಿ, ಇದು ಟಪಾಲಿನ ಹಾದಿ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಸಂಸ್ಥೆಯ ಮುಖ್ಯರು ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಕನ್ನಡಕ ತೆಗೆದರು. ಕೆಟ್ಟವರಲ್ಲ, ಸಮಾಧಾನದಿಂದಲೇ ಮಾತಾಡಿದರು.

“ಎರಡೂ ಒಂದ ಐತಿ ನೋಡ್ರಿ. ಇವರದು ನೀಟ ಐತಿ, ನಿಮ್ಮದು ಕಲಸಿದಂಗ ಐತಿ. ನಕಲು ಮಾಡಿದವರು ಗುರುತು ಸಿಗಬಾರದಂತ ಹಿಂಗ ಕಲಸ್ತಾರ್ರಿ.”

ಬೇಕಾದರೆ ಕಾಕಾರನ್ನು ಕರೆತರುತ್ತೇನೆ ಎಂದೆ. ಇಷ್ಟಕ್ಕೆಲ್ಲ ಸಾಕ್ಷಿ ಯಾಕೆ, ಜಗಳ ಬೇಡ ಎಂದು ಅವರೇ ಮುಗಿಸಿದರು. ಗೆಳತಿ ಕೀಬೋರ್ಡ್ ನೋಡುತ್ತಾ ಕೂತಿದ್ದಳು. ಒಂದು ಮಾತು ಆಡಬಹುದಿತ್ತು. ನೌಕರಿ ಅವಳಿಗೆ ಹೋಯಿತು. ನೌಕರಿ ಹೋದದ್ದನ್ನು ಹೇಗೋ ನುಂಗಿಕೊಂಡೆ, ಕಳ್ಳಿ ಎನ್ನಿಸಿಕೊಂಡದ್ದು ಇವತ್ತಿಗೂ ಗಂಟಲಲ್ಲೇ ಇದೆ.

ಮುಂದಿನ ರವಿವಾರ ಮೂಡಲಗಿಗೆ ಹೋದೆ. ಬಸ್ಸಿನಲ್ಲಿ ಉದ್ದಕ್ಕೂ ಅವಳನ್ನು ಬೈಯಲು ಶಬ್ದ ಜೋಡಿಸುತ್ತಾ ಹೋದೆ, ಒಂದಕ್ಕಿಂತ ಒಂದು ಖಾರವಾಗಿದ್ದವು. ಕಾಕಾ ಪಡಸಾಲೆಯಲ್ಲಿದ್ದರು. ಏನಾಯಿತು ಎಂದು ಕೇಳಿದರು. ಅವಳು ಹಂಚಿದ್ದ ಹಾಳೆಯನ್ನೇ ಅವರ ಕೈಗಿಟ್ಟೆ. ಅವರು ಬೆಳಕಿನ ಕಡೆ ತಿರುಗಿ, ಹೆಸರಿನ ಕೆಳಗೆ ಬೆರಳಿಟ್ಟು ನಿಧಾನಕ್ಕೆ ಓದತೊಡಗಿದರು. ಮೊದಲನೆಯ ಸಾಲಿಗೇ ನಕ್ಕರು, ನಾಯಿ ಕಡಿದ ತೋಟಕ್ಕೇ ಮೊದಲು ಕಳಿಸಿದ್ದಾರಲ್ಲ ಎಂದು. ನಾಲ್ಕೈದು ಹೆಸರಾಗುವಷ್ಟರಲ್ಲಿ ನಗು ನಿಂತಿತು. ಬೆರಳು ಒಂದು ಹೆಸರಿನಿಂದ ಇನ್ನೊಂದಕ್ಕೆ ಹೋಗಲಾರದೆ ಅಲ್ಲಲ್ಲೇ ತಡೆಯುತ್ತಿತ್ತು.

“ಹಿಂಗ ಹೋದ್ರ ಒಂದ ದಿನದ ಟಪಾಲಿಗೆ ಮೂರ ದಿನ ಬೇಕ ತಂಗಿ,” ಎಂದರು. “ಯಾರು ಇದನ್ನ ಹಿಂಗ ಜೋಡಿಸಿದವರು?”

ಬಸ್ಸಿನಲ್ಲಿ ಜೋಡಿಸಿಕೊಂಡ ಶಬ್ದಗಳೆಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ಅವಳ ಹೆಸರು ಹೇಳಲೆಂದೇ ಬಾಯಿ ತೆರೆದೆ. ಆದರೆ ಫೋನಿನಲ್ಲಿ ಆ ಜೋಡಿಸುವ ಸಾಲನ್ನು ಅಕ್ಷರ ಅಕ್ಷರ ಬಿಡಿಸಿ ಬರೆಸಿದ ದನಿ ನನ್ನದೇ ಆಗಿತ್ತು.

“ನಾನ ಹೇಳಿಕೊಟ್ಟೆ ಕಾಕಾ,” ಎಂದೆ.

ಅವರು ಅಂಗಿಯ ಕಿಸೆಯಿಂದ ಪೆನ್ನು ತೆಗೆದು, ಕಾಲುವೆ ಮಗ್ಗುಲಿನ ತೋಟವನ್ನು ಹುಡುಕಿ, ಅದರ ಮುಂದೆ ಒಂದು ಎಂದು ಬರೆದರು.